ತೂಕ ಇಳಿದಾಯ್ತು, ಚರ್ಮ ಉಳೀತು: ಪ್ಲಾಸ್ಟಿಕ್ ಸರ್ಜರಿ ಮಾಡಿಸೋದಾ, ಬೇಡ್ವಾ?

ಹೇಮಾವತಿ_ದಂಡೆ (ಹಾಸನ)

ಬೇರಿಯಾಟ್ರಿಕ್ ಆಪರೇಷನ್ (ತೂಕ ಇಳಿಸೋಕೆ ಮಾಡುವ ಹೊಟ್ಟೆಯ ಆಪರೇಷನ್) ಆದವರು, ಇಂಜೆಕ್ಷನ್‌ನಿಂದ ಇಳಿಸಿದವರು, ಬರೀ ಊಟ ಮತ್ತು ನಡಿಗೆಯಲ್ಲೇ ಮೂವತ್ತು ನಲವತ್ತು ಕೆಜಿ ಕಳೆದವರು, ಎಲ್ಲರೂ ಕೊನೆಗೆ ಬಂದು ನಿಲ್ಲುವುದು ಒಂದೇ ಕಡೆ: ಜೋತುಬಿದ್ದ ಚರ್ಮ. ಮಾಡಿಸಿಕೊಂಡವರ ಕಥೆಗಳು ಎಲ್ಲಾ ಕಡೆ ಸಿಗುತ್ತವೆ, ಇಲ್ಲಿ ಅವು ಬೇಡ. ಏನು ಮಾಡ್ತಾರೆ, ಯಾವಾಗ ಮಾಡಬೇಕು, ಎಲ್ಲಿ ಕೆಡುತ್ತೆ, ನಮ್ಮ ಕಡೆಯ ಮಳೆ, ಘಾಟಿ, ಕಾಫಿ ಕೊಯ್ಲಿನ ನಡುವೆ ಹೇಗೆ ಹೊಂದಿಸಿಕೊಳ್ಳಬೇಕು ಅನ್ನೋದನ್ನ ತಿಳಿದವರು ಬರೆಯಿರಿ. ಮೊದಲ ಪ್ರಶ್ನೆ ನಂದೇ: ವ್ಯಾಯಾಮ, ಕ್ರೀಮು, ಎಣ್ಣೆ ಮಸಾಜಿನಿಂದ ಚರ್ಮ ಬಿಗಿಯಾಗುತ್ತಾ?

ಬಾಬಾಬುಡನ್_ಗಾಳಿ (ಚಿಕ್ಕಮಗಳೂರು)

ಆಗಲ್ಲ. ಚರ್ಮವನ್ನು ಹಿಡಿದಿಡೋದು ಕೊಲಾಜೆನ್ ಮತ್ತು ಎಲಾಸ್ಟಿನ್ ಎಳೆಗಳು. ವರ್ಷಗಟ್ಟಲೆ ಹಿಗ್ಗಿದ ಮೇಲೆ ಆ ಎಳೆಗಳು ತುಂಡಾಗಿ ಸಡಿಲವಾಗಿರುತ್ತವೆ. ಹಳೇ ಚಡ್ಡಿಯ ಎಲಾಸ್ಟಿಕ್‌ಗೆ ಎಷ್ಟು ಎಣ್ಣೆ ಹಚ್ಚಿದರೂ ಅದು ಮತ್ತೆ ಬಿಗಿಯಾಗುತ್ತಾ? ಚರ್ಮದ್ದೂ ಅದೇ ಕಥೆ. ವ್ಯಾಯಾಮದಿಂದ ಒಳಗಿನ ಸ್ನಾಯು ತುಂಬಿಕೊಳ್ಳುತ್ತೆ, ತೋಳು ತೊಡೆಯಲ್ಲಿ ಸ್ವಲ್ಪ ವ್ಯತ್ಯಾಸ ಕಾಣುತ್ತೆ, ಹೊಟ್ಟೆಯ ಮಡಿಕೆ ಮಾತ್ರ ಮೇಲೇರಲ್ಲ. ಚರ್ಮಕ್ಕೆ ಶಾಖ ಕೊಡುವ ರೇಡಿಯೋಫ್ರೀಕ್ವೆನ್ಸಿ ಯಂತ್ರಗಳು ಅಲ್ಪಸ್ವಲ್ಪ ಸಡಿಲಕ್ಕೆ ಸರಿ, ಕೈಯಲ್ಲಿ ಹಿಡಿದು ಎತ್ತಬಹುದಾದ ಮಡಿಕೆಗೆ ದುಡ್ಡು ದಂಡ.

ಎಷ್ಟು ಜೋಲುತ್ತೆ ಅನ್ನೋದು ವಯಸ್ಸು, ದಪ್ಪ ಇದ್ದ ವರ್ಷಗಳು, ಹೆರಿಗೆ, ಬಿಸಿಲು, ಬೀಡಿ ಸಿಗರೇಟು ಇವುಗಳ ಮೇಲೆ ನಿಂತಿದೆ. ವೇಗವಾಗಿ ಇಳಿಸಿದ್ದರಿಂದಲೇ ಹೀಗಾಯ್ತು ಅಂತ ತಮ್ಮನ್ನೇ ಬೈದುಕೊಳ್ಳುವವರು ಬಹಳ. ವೇಗಕ್ಕಿಂತ ಎಷ್ಟು ಕೆಜಿ ಇಳಿಯಿತು ಅನ್ನೋದೇ ದೊಡ್ಡ ಕಾರಣ.

ಕಾಫಿಹೂ (ಸಕಲೇಶಪುರ)

ಯಾವಾಗ ಮಾಡಿಸಬೇಕು ಅನ್ನೋದಕ್ಕೆ ಬರ್ತೀನಿ, ಏಕೆಂದರೆ ಹೆಚ್ಚಿನವರು ಎಡವೋದು ಇಲ್ಲೇ.

ಬೇರಿಯಾಟ್ರಿಕ್ ಆಪರೇಷನ್ ಆಗಿದ್ದರೆ 12ರಿಂದ 18 ತಿಂಗಳು ಕಾಯಬೇಕು. ಹೇಗೇ ಇಳಿಸಿರಲಿ, ತೂಕ ಒಂದೇ ಕಡೆ ನಿಂತು ಕನಿಷ್ಠ 3 ತಿಂಗಳು, ಸಾಧ್ಯವಾದರೆ 6 ತಿಂಗಳು ಆಗಿರಬೇಕು. ನಿಂತಿದೆ ಅಂದ್ರೆ ತಿಂಗಳಿಗೆ ಒಂದೆರಡು ಕೆಜಿ ಆಚೀಚೆ, ಅಷ್ಟೇ. ಆಪರೇಷನ್ ಆದ ಮೇಲೆ ಮತ್ತೆ ಹತ್ತು ಕೆಜಿ ಇಳಿದರೆ ಮತ್ತೆ ಜೋಲುತ್ತೆ, ಏರಿದರೆ ಗಾಯದ ಗೆರೆ ಹಿಗ್ಗಿ ಅಗಲವಾಗುತ್ತೆ. ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಲೆಕ್ಕ) 30ರ ಒಳಗೆ ಬಂದಿದ್ದರೆ ಒಳ್ಳೇದು. 35 ದಾಟಿದವರಲ್ಲಿ ಗಾಯ ಬಿಚ್ಚೋದು, ಸೋಂಕು, ನೀರು ತುಂಬೋದು ಎಲ್ಲವೂ ಜಾಸ್ತಿ.

ಮಕ್ಕಳಾಗಬೇಕು ಅನ್ನೋ ಯೋಚನೆ ಇರುವ ಹೆಂಗಸರು ಹೊಟ್ಟೆಯ ಆಪರೇಷನ್ ಮುಂದೂಡೋದೇ ಸರಿ. ಆಮೇಲೆ ಗರ್ಭ ಧರಿಸಿದರೆ ಮಗುವಿಗೆ ತೊಂದರೆ ಅಂತಲ್ಲ. ಬಿಗಿ ಮಾಡಿದ್ದು ಮತ್ತೆ ಸಡಿಲವಾಗುತ್ತೆ, ಅದಕ್ಕೆ.

ಹೇಮಾವತಿ_ದಂಡೆ

ಇಂಜೆಕ್ಷನ್ ತಗೊಳ್ತಿರೋರು? ಮೌಂಜಾರೊ, ವೆಗೋವಿ ಎರಡೂ 2025ರಲ್ಲಿ ನಮ್ಮ ದೇಶದ ಮಾರುಕಟ್ಟೆಗೆ ಬಂದವು, ಈಗ ಎಲ್ಲರ ಬಾಯಲ್ಲೂ ಅದೇ ಹೆಸರು.

ಕಾಫಿಹೂ

ಅದನ್ನು ಅರಿವಳಿಕೆ ವೈದ್ಯರಿಗೆ ಹೇಳಲೇಬೇಕು, ಮುಚ್ಚಿಡಬಾರದು. ಈ ಔಷಧಿಗಳು ಹೊಟ್ಟೆ ಖಾಲಿಯಾಗೋದನ್ನ ನಿಧಾನ ಮಾಡುತ್ತವೆ. ರಾತ್ರಿಯಿಂದ ಉಪವಾಸ ಇದ್ದರೂ ಹೊಟ್ಟೆಯಲ್ಲಿ ಊಟ ಉಳಿದಿರಬಹುದು, ಮಂಪರಿನಲ್ಲಿ ಅದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದರೆ ಜೀವಕ್ಕೇ ಕುತ್ತು. ಯಾವ ವಾರದ ಡೋಸ್ ಬಿಡಬೇಕು, ಹಿಂದಿನ ದಿನ ಬರೀ ದ್ರವ ಆಹಾರ ಬೇಕಾ ಅನ್ನೋದು ಅವರ ತೀರ್ಮಾನ. ಇನ್ನೊಂದು ಮಾತು: ಡೋಸ್ ಇನ್ನೂ ಏರಿಸ್ತಾ ಇದ್ದರೆ ತೂಕ ನಿಂತಿಲ್ಲ ಅಂತಲೇ ಅರ್ಥ, ತಕ್ಕಡಿ ಈ ತಿಂಗಳು ಏನೇ ತೋರಿಸಲಿ.

ಕನ್ನಡಿ_ಮುಂದೆ (ಅರಸೀಕೆರೆ)

ಚಾಕು ಕತ್ತರಿಯ ಮಾತಿಗೆ ಮುಂಚೆ ಮನಸ್ಸಿನ ಮಾತು ಆಗಲಿ.

ತೂಕ ಇಳಿಯುವಷ್ಟು ಬೇಗ ಮನಸ್ಸಿನೊಳಗಿನ ಚಿತ್ರ ಬದಲಾಗಲ್ಲ. ಬಸ್ಸಿನ ಸೀಟಿನಲ್ಲಿ ಇನ್ನೂ ಅಂಚಿಗೆ ಒತ್ತಿಕೊಂಡು ಕೂರೋದು, ಅಂಗಡಿಯಲ್ಲಿ ಹಳೇ ಸೈಜ್‌ನ ರಾಶಿಗೇ ಕೈ ಹೋಗೋದು, ಫೋಟೋದಲ್ಲಿ ಹಿಂದೆ ನಿಲ್ಲೋದು ಒಂದೆರಡು ವರ್ಷ ಇದ್ದೇ ಇರುತ್ತೆ. ಇದರ ಜೊತೆಗೆ ನಮ್ಮೂರ ಮದುವೆ ಮನೆಗಳು: ಮೊದಲು "ಏನು ಊದ್ಕೊಂಡಿದೀಯಾ" ಅಂದವರೇ ಈಗ "ಏನಮ್ಮಾ ಸೊರಗಿಹೋದೆ, ಶುಗರ್ರಾ?" ಅಂತಾರೆ. ಈ ಮಾತಿಗೆ ಉತ್ತರ ಕೊಡೋಕೆ ಅಂತ ಆಪರೇಷನ್‌ಗೆ ಹೊರಟರೆ ಸೋಲೋದು ಖಚಿತ, ಯಾಕಂದ್ರೆ ಅವರು ಆಮೇಲೂ ಏನಾದರೂ ಅಂತಾರೆ.

ಒಂದು ಹಾಳೆ ತಗೊಂಡು ಎರಡು ಪಟ್ಟಿ ಮಾಡಿ. ಒಂದರಲ್ಲಿ ಚರ್ಮ ನೇರವಾಗಿ ಕೊಡುವ ತೊಂದರೆಗಳು: ಮಡಿಕೆಯಲ್ಲಿ ಹುಣ್ಣು, ವಾಸನೆ, ನಡೆಯುವಾಗ ತೊಡೆ ಉಜ್ಜೋದು, ಪ್ಯಾಂಟು ನಿಲ್ಲದಿರೋದು, ಬೆನ್ನು ಜಗ್ಗೋದು. ಇನ್ನೊಂದರಲ್ಲಿ ಚರ್ಮ ಹೋದರೆ ಸರಿಹೋಗುತ್ತೆ ಅಂದುಕೊಂಡಿರುವವು: ಸಂಬಂಧ, ಕೆಲಸ, ಧೈರ್ಯ, ನೆಮ್ಮದಿ. ಮೊದಲ ಪಟ್ಟಿಗೆ ಸರ್ಜನ್ ಹತ್ತಿರ ಉತ್ತರ ಇದೆ, ಎರಡನೆಯದಕ್ಕೆ ಇಲ್ಲ. ಎರಡನೇ ಪಟ್ಟಿಯೇ ಉದ್ದ ಇದ್ದರೆ ಆರು ತಿಂಗಳು ತಡೆದು ಮತ್ತೆ ನೋಡಿ.

ಚರ್ಮದ ಚಿಂತೆಯಲ್ಲೇ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಹೋಗ್ತಿದ್ದರೆ, ಮತ್ತೆ ಮತ್ತೆ ಕನ್ನಡಿ ನೋಡೋದು ಅಥವಾ ಕನ್ನಡಿಯನ್ನೇ ಮುಚ್ಚಿಡೋದು, ಯಾರನ್ನೂ ಭೇಟಿಯಾಗದಿರೋದು ಇದ್ದರೆ, ಮೊದಲು ಮನೋವೈದ್ಯರನ್ನು ಕಾಣಬೇಕು. ಬಾಡಿ ಡಿಸ್ಮಾರ್ಫಿಕ್ ಡಿಸಾರ್ಡರ್, ಅಂದರೆ ಮೈಯ ಸಣ್ಣ ಕುಂದನ್ನೇ ದೊಡ್ಡದು ಮಾಡಿ ಕೊರಗುವ ಮನೋರೋಗ, ಇರುವವರಿಗೆ ಆಪರೇಷನ್‌ನಿಂದ ಸಾಮಾನ್ಯವಾಗಿ ಸಮಾಧಾನ ಸಿಗಲ್ಲ, ಕೊರಗು ಹೊಟ್ಟೆಯಿಂದ ತೋಳಿಗೆ, ತೋಳಿನಿಂದ ಮುಖಕ್ಕೆ ಹೋಗಿ ಕೂರುತ್ತೆ. ಊರಲ್ಲಿ ಯಾರಾದರೂ ನೋಡ್ತಾರೆ ಅನ್ನೋ ಅಂಜಿಕೆ ಇದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಬಹುದು. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ.

ಬಾಬಾಬುಡನ್_ಗಾಳಿ

ಒಪ್ಪಿದೆ, ಆದರೆ ಒಂದು ತಿದ್ದುಪಡಿ. "ಚೆನ್ನಾಗಿ ಕಾಣಬೇಕು" ಅನ್ನೋದನ್ನ ತಪ್ಪು ಪಟ್ಟಿಗೆ ಹಾಕಬೇಡಿ. ಅಷ್ಟು ವರ್ಷ ಕಷ್ಟಪಟ್ಟು ಇಳಿಸಿದವರಿಗೆ ಅದು ತೋರಬೇಕು ಅನ್ನಿಸೋದು ನ್ಯಾಯವೇ. ಅವರಿಗೆ ಒಂದು ಲೆಕ್ಕ ಸ್ಪಷ್ಟವಾಗಿ ಗೊತ್ತಿರಬೇಕು, ಅಷ್ಟೇ: ಇದು ಚರ್ಮ ಕೊಟ್ಟು ಗೆರೆ ಕೊಳ್ಳುವ ವ್ಯಾಪಾರ. ಮಡಿಕೆ ಹೋಗುತ್ತೆ, ಅದರ ಜಾಗದಲ್ಲಿ ಉದ್ದನೆಯ ಗಾಯದ ಗುರುತು ಜೀವನಪೂರ್ತಿ ಉಳಿಯುತ್ತೆ. ಸಾರ್ವಜನಿಕರ ಕಣ್ಣಿಗೆ ಬೀಳದ ಜಾಗದಲ್ಲಿ ಈ ವ್ಯಾಪಾರ ಲಾಭ. ತೋಳಿನಲ್ಲಿ ಎರಡು ಸಲ ಯೋಚಿಸಬೇಕು.

ಡ್ರೆಸ್ಸಿಂಗ್_ಟ್ರೇ (ಹಾಸನ)

ಯಾವ ಭಾಗಕ್ಕೆ ಏನು ಮಾಡ್ತಾರೆ ಅಂತ ಬಿಡಿಸಿ ಬರೀತೀನಿ. ಹೆಸರುಗಳು ಗೊಂದಲ ಮಾಡುತ್ತವೆ.

ಹೊಟ್ಟೆಯ ಮಡಿಕೆಗೆ ಐದು ದರ್ಜೆ ಇಟ್ಟಿದ್ದಾರೆ. ಗುಹ್ಯಭಾಗದ ಕೂದಲ ಗೆರೆ ಮುಟ್ಟಿದರೆ 1, ಜನನಾಂಗ ಮುಚ್ಚಿದರೆ 2, ತೊಡೆಯ ಮೇಲ್ಭಾಗಕ್ಕೆ ಬಂದರೆ 3, ನಡುತೊಡೆಗೆ 4, ಮೊಣಕಾಲಿಗೆ ಅಥವಾ ಅದರ ಕೆಳಗೆ ಇಳಿದರೆ 5. ಕಾಗದಪತ್ರದಲ್ಲಿ ಈ ದರ್ಜೆ ಬರೆಸಿಕೊಳ್ಳಿ, ವಿಮೆಗೆ ಕೆಲಸಕ್ಕೆ ಬರುತ್ತೆ.

ಪ್ಯಾನಿಕ್ಯುಲೆಕ್ಟಮಿ ಅಂದರೆ ನೇತಾಡುವ ಮಡಿಕೆಯನ್ನು ಕತ್ತರಿಸಿ ತೆಗೆಯೋದು ಮಾತ್ರ. ಒಳಗಿನ ಸ್ನಾಯು ಬಿಗಿ ಮಾಡಲ್ಲ, ಸೊಂಟಕ್ಕೆ ಆಕಾರ ಬರಲ್ಲ. ಅಬ್ಡಾಮಿನೋಪ್ಲಾಸ್ಟಿ, ಅಂದರೆ ಟಮ್ಮಿ ಟಕ್, ಬೇರೆ: ಒಂದು ಸೊಂಟದಿಂದ ಇನ್ನೊಂದು ಸೊಂಟದವರೆಗೆ ಕೆಳಗೆ ಗೀರಿ, ಚರ್ಮವನ್ನು ಪಕ್ಕೆಲುಬಿನವರೆಗೂ ಎಬ್ಬಿಸಿ, ಅಗಲವಾಗಿರುವ ಎರಡು ಹೊಟ್ಟೆ ಸ್ನಾಯುಗಳನ್ನು ನಡುವೆ ಸೇರಿಸಿ ಹೊಲಿದು, ಚರ್ಮ ಕೆಳಗೆಳೆದು ಹೆಚ್ಚಾದದ್ದನ್ನು ತೆಗೀತಾರೆ. ಹೊಕ್ಕುಳು ತನ್ನ ಬುಡದಲ್ಲೇ ಇರುತ್ತೆ, ಚರ್ಮದಲ್ಲಿ ಹೊಸ ತೂತು ಮಾಡಿ ಆಚೆ ತರ್ತಾರೆ.

ತೂಕ ಇಳಿಸಿದವರಲ್ಲಿ ಚರ್ಮ ಉದ್ದಕ್ಕೆ ಮಾತ್ರ ಅಲ್ಲ, ಅಡ್ಡಕ್ಕೂ ಹೆಚ್ಚಾಗಿರುತ್ತೆ. ಆಗ ಎದೆಯ ಕೆಳಗಿಂದ ನೇರ ಇನ್ನೊಂದು ಗೆರೆ ಹಾಕಬೇಕಾಗುತ್ತೆ, ಫ್ಲೂರ್ ಡಿ ಲಿಸ್ ಅಂತಾರೆ. ಆಕಾರ ಚೆನ್ನಾಗಿ ಬರುತ್ತೆ, ಆದರೆ ನೇರ ಗೆರೆ ಅಡ್ಡ ಗೆರೆಗೆ ಸೇರುವ ಮೂಲೆಯಲ್ಲಿ ರಕ್ತ ಓಡಾಟ ಕಡಿಮೆ, ಗಾಯ ಬಿಚ್ಚಿಕೊಳ್ಳೋದು ಹೆಚ್ಚಾಗಿ ಅಲ್ಲೇ. ಬೆನ್ನು, ಪಿರ್ರೆ ಕೂಡ ಜೋತಿದ್ದರೆ ಸೊಂಟದ ಸುತ್ತ ಪೂರ್ತಿ, ಬೆಲ್ಟ್ ಹಾಕಿದ ಹಾಗೆ ತೆಗೀತಾರೆ. ಮಲಗಿಸಿ, ತಿರುಗಿಸಿ ಐದಾರು ಗಂಟೆಗೂ ಮೀರಿ ನಡೆಯುವ ಕೆಲಸ. ರಕ್ತ ಹೋಗುತ್ತೆ, ಮೈ ತಣ್ಣಗಾಗುತ್ತೆ, ಐಸಿಯು ಇಲ್ಲದ ಜಾಗದಲ್ಲಿ ಇದಕ್ಕೆ ಕೈ ಹಾಕಬಾರದು.

ಗಮನಿಸಿ: ಪಿತ್ತಕೋಶದ ಹಳೇ ಓಪನ್ ಆಪರೇಷನ್ನಿನ ಓರೆ ಗುರುತು ಬಲ ಪಕ್ಕೆಯ ಕೆಳಗೆ ಇದ್ದರೆ ಸರ್ಜನ್‌ಗೆ ಬಟ್ಟೆ ಸರಿಸಿ ತೋರಿಸಿ. ಕೆಳಗೆಳೆದ ಚರ್ಮಕ್ಕೆ ರಕ್ತ ಬರೋದು ಮೇಲಿನ ಪಕ್ಕಗಳಿಂದ. ಆ ಗುರುತು ದಾರಿಯನ್ನೇ ಕಡಿದಿರುತ್ತೆ, ಅದರ ಕೆಳಗಿನ ಚರ್ಮ ಕಪ್ಪಾಗಿ ಸಾಯಬಹುದು. ಹರ್ನಿಯಾ ಇದೆಯಾ ಅಂತ ಸ್ಕ್ಯಾನ್‌ನಲ್ಲಿ ಮೊದಲೇ ನೋಡಿಸಿಕೊಳ್ಳಬೇಕು, ಗೊತ್ತಿಲ್ಲದೆ ಗೀರಿದರೆ ಕರುಳಿಗೆ ಪೆಟ್ಟು.

ತೋಳಿನ ಗೆರೆ ಕಂಕುಳಿಂದ ಮೊಣಕೈವರೆಗೆ. ರವಿಕೆ ತೋಳಿನ ಕೆಳಗೆ ಕಂಡೇ ಕಾಣುತ್ತೆ, ಬೇಕಿದ್ದರೆ ಗೆರೆ ಎಲ್ಲಿ ಬರುತ್ತೆ ಅಂತ ಸ್ಕೆಚ್ ಪೆನ್ನಲ್ಲಿ ಬರೆಸಿ, ರವಿಕೆ ಹಾಕಿಕೊಂಡು ನೋಡಿ. ಒಳ ಮುಂಗೈ ಜೋಮು ಹಿಡಿಯೋದು ಸಾಮಾನ್ಯ, ಅಲ್ಲಿ ಹಾದುಹೋಗುವ ಚರ್ಮದ ನರಕ್ಕೆ ಪೆಟ್ಟಾದರೆ ಜೋಮು ಉಳಿದೂಬಿಡಬಹುದು. ತೊಡೆ ಎಲ್ಲಕ್ಕಿಂತ ತಾಪತ್ರಯದ್ದು: ತೊಡೆಸಂದಿನಲ್ಲಿ ಬೆವರು, ಉಜ್ಜಾಟ, ಶೌಚದ ಹತ್ತಿರ, ಸೋಂಕು ಬೇಗ. ಗೆರೆ ಕೆಳಗೆ ಜಾರುತ್ತೆ, ಕಾಲು ಊದಿಕೊಂಡು ಇಳಿಯದೆ ಉಳಿಯೋದೂ ಇದೆ. ಗಂಡಸರ ಎದೆ, ಹೆಂಗಸರ ಸ್ತನ ಇನ್ನೊಂದು ದಿನ ಬರೆಯೋಣ, ಅದು ಬೇರೆಯದೇ ಅಧ್ಯಾಯ.

ಎಲ್ಲವನ್ನೂ ಒಂದೇ ಸಲಕ್ಕೆ ಮುಗಿಸಿಕೊಡ್ತೀವಿ ಅನ್ನೋರ ಹತ್ತಿರ ಹೋಗಬೇಡಿ. ಎರಡು ಹಂತದ ನಡುವೆ 3 ತಿಂಗಳಾದರೂ ಬಿಡುವು ಬೇಕು.

ರಾಗಿ_ಹಿಟ್ಟು (ಚನ್ನರಾಯಪಟ್ಟಣ)

ಗಾಯ ಕೂಡೋದು ಪ್ರೋಟೀನ್‌ನಿಂದ. ನಮ್ಮ ಊಟದಲ್ಲಿ ಅದೇ ಕಮ್ಮಿ. ಬೇರಿಯಾಟ್ರಿಕ್‌ನಲ್ಲಿ ಬೈಪಾಸ್ ಅಥವಾ ಸ್ಲೀವ್ ಆದವರಿಗೆ ಹೊಟ್ಟೆ ಚಿಕ್ಕದು, ಮುದ್ದೆ ಮೊದಲು ತಿಂದರೆ ಜಾಗ ಅಲ್ಲಿಗೇ ಮುಗೀತು. 100 ಗ್ರಾಂ ರಾಗಿ ಹಿಟ್ಟಿನಲ್ಲಿ ಪ್ರೋಟೀನ್ ಸುಮಾರು 7 ಗ್ರಾಂ. ಹುರುಳಿಕಾಳಿನಲ್ಲಿ 22 ಗ್ರಾಂ ಇದೆ, ಆದರೆ ಕಟ್ಟು ಬಸಿದು ಸಾರು ಮಾಡಿ ಕಾಳನ್ನು ಎಮ್ಮೆಗೆ ಹಾಕಿದರೆ ಪ್ರೋಟೀನ್ ಎಮ್ಮೆಗೇ ಹೋಯ್ತು.

ಆಪರೇಷನ್‌ಗೆ ಎರಡು ಮೂರು ತಿಂಗಳು ಮುಂಚೆಯಿಂದ ದಿನಕ್ಕೆ ಕನಿಷ್ಠ 60ರಿಂದ 80 ಗ್ರಾಂ. ಲೆಕ್ಕ ಹೀಗೆ: ಎರಡು ಮೊಟ್ಟೆ 12, ಬೆಂದ ಕೋಳಿ ಮಾಂಸ 100 ಗ್ರಾಂ 25, ಮೊಸರು 200 ಗ್ರಾಂ 7, ಹಾಲು ಒಂದು ಲೋಟ 6, ಒಣ ಸೋಯಾ ಚಂಕ್ಸ್ 25 ಗ್ರಾಂ 13, ಒಂದು ಹಿಡಿ ಕಾಳಿನ ಪಲ್ಯ 7. ಒಟ್ಟು 70. ಮಾಂಸ ಮುಟ್ಟದವರು ಸೋಯಾ, ಪನೀರ್, ಪ್ರೋಟೀನ್ ಪುಡಿ ಹೆಚ್ಚಿಸಬೇಕು. ಮೂತ್ರಪಿಂಡದ ತೊಂದರೆ ಇದ್ದವರು ಮಾತ್ರ ವೈದ್ಯರನ್ನು ಕೇಳದೆ ಈ ಲೆಕ್ಕ ಹಿಡಿಯಬೇಡಿ. ತಟ್ಟೆಯಲ್ಲಿ ಮೊದಲು ಇವು, ಮುದ್ದೆ ಅನ್ನ ಕೊನೆಗೆ.

ರಕ್ತ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್, ಫೆರಿಟಿನ್, ಬಿ12, ವಿಟಮಿನ್ ಡಿ, ಅಲ್ಬುಮಿನ್, ಸಕ್ಕರೆ ನೋಡಿಸಿ. ಅಲ್ಬುಮಿನ್ 3.5ಕ್ಕಿಂತ ಕೆಳಗಿದ್ದರೆ ಗಾಯ ಒಣಗೋದು ಕಷ್ಟ. ಕಬ್ಬಿಣದ ಮಾತ್ರೆ ನುಂಗಿ ಅದರ ಮೇಲೆ ಫಿಲ್ಟರ್ ಕಾಫಿ ಕುಡಿಯೋದು ನಮ್ಮ ಜಿಲ್ಲೆಗಳ ರೋಗ. ಕಾಫಿ, ಟೀ ಕಬ್ಬಿಣ ಹೀರದಂತೆ ತಡೆಯುತ್ತವೆ. ಮಾತ್ರೆಗೂ ಕಾಫಿಗೂ ಒಂದೆರಡು ಗಂಟೆ ಅಂತರ ಇರಲಿ, ಕ್ಯಾಲ್ಸಿಯಂ ಮಾತ್ರೆಗೂ ಹಾಗೇ.

ಮೂಡಿಗೆರೆ_ಮಳೆ

ಆಪರೇಷನ್‌ಗೆ ಮುಂಚೆ ಬೀಡಿ ಸಿಗರೇಟು ಬಿಡಬೇಕು ಅಂತಾರಲ್ಲ, ಎಲೆ ಅಡಿಕೆ ಜೊತೆ ಹೊಗೆಸೊಪ್ಪು ಹಾಕೋದು ಕೂಡ ಲೆಕ್ಕಕ್ಕೆ ಬರುತ್ತಾ? ಬೀಡಿ ಸಿಗರೇಟು ಇಲ್ಲ ಅಂತ ಎಷ್ಟೋ ಜನ ಸುಮ್ಮನಿರ್ತಾರೆ.

ಡ್ರೆಸ್ಸಿಂಗ್_ಟ್ರೇ

ಖಂಡಿತ ಬರುತ್ತೆ. ತಪ್ಪು ನಿಕೋಟಿನ್‌ದು, ಅದು ಸಣ್ಣ ರಕ್ತನಾಳಗಳನ್ನು ಕುಗ್ಗಿಸುತ್ತೆ. ಹೊಗೆಯಿಂದ ಬಂದರೂ ಹೊಗೆಸೊಪ್ಪಿನಿಂದ ಬಂದರೂ, ಬಿಡೋಕೆ ಅಂತ ಅಗಿಯುವ ನಿಕೋಟಿನ್ ಗಮ್‌ನಿಂದ ಬಂದರೂ ಅದೇ ನಿಕೋಟಿನ್. ಎಬ್ಬಿಸಿ ಎಳೆದು ಹೊಲಿದ ಚರ್ಮ ಬದುಕೋದೇ ಆ ಸಣ್ಣ ನಾಳಗಳಿಂದ. ಮುಂಚೆ 4 ವಾರ, ಆಮೇಲೆ 4 ವಾರ ಪೂರ್ತಿ ಬಂದ್. ಮೂತ್ರದಲ್ಲಿ ಕೊಟಿನಿನ್ (ನಿಕೋಟಿನ್ ಮೈಯಲ್ಲಿ ಒಡೆದು ಉಳಿಯುವ ಅಂಶ) ಪರೀಕ್ಷೆ ಮಾಡಿಸುವ ಸರ್ಜನ್‌ಗಳೂ ಇದ್ದಾರೆ, ಬೇಜಾರು ಮಾಡ್ಕೋಬೇಡಿ.

ಮೂಡಿಗೆರೆ_ಮಳೆ

ಸರಿ. ಆಪರೇಷನ್ ಬೇಡ ಅಂತ ತೀರ್ಮಾನಿಸಿದವರಿಗೆ, ಅಥವಾ ಕಾಯ್ತಾ ಇರೋರಿಗೆ ಮಳೆಗಾಲದ ಮಾತು ಹೇಳ್ತೀನಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಲೆನಾಡಿನಲ್ಲಿ ಬಟ್ಟೆಯೇ ಒಣಗಲ್ಲ, ಮಡಿಕೆಯ ಒಳಗೆ ಒಣಗುತ್ತಾ? ಕೆಂಪು, ಉರಿ, ಬಿಳಿ ಪದರ, ಹುಳಿ ವಾಸನೆ ಬಂದರೆ ಶಿಲೀಂಧ್ರ. ಎರಡು ಹೊತ್ತು ತೊಳೆದು, ಉಜ್ಜದೆ ಒತ್ತಿ ಒರೆಸಿ, ಹೇರ್ ಡ್ರೈಯರನ್ನು ತಣ್ಣನೆ ಗಾಳಿಗೆ ಇಟ್ಟು ಒಣಗಿಸಿ, ಮಡಿಕೆಯ ನಡುವೆ ಹಳೇ ಹತ್ತಿ ಪಂಚೆಯ ತುಂಡು ಇಡಿ. ಚರ್ಮ ಚರ್ಮಕ್ಕೆ ತಾಗದಿದ್ದರೆ ಅರ್ಧ ಕೆಲಸ ಆಯ್ತು.

ಮೆಡಿಕಲ್ ಶಾಪಿನಲ್ಲಿ ಕೇಳದೇ ಕೊಡುವ ಮೂರ್ನಾಲ್ಕು ಔಷಧಿ ಬೆರೆಸಿದ ಟ್ಯೂಬ್ ಬೇಡ. ಅದರಲ್ಲಿ ಸ್ಟೀರಾಯ್ಡ್ ಇರುತ್ತೆ. ಎರಡು ದಿನದಲ್ಲಿ ಉರಿ ನಿಲ್ಲುತ್ತೆ, ಎರಡು ತಿಂಗಳಲ್ಲಿ ಚರ್ಮ ಕಾಗದದ ಹಾಗೆ ತೆಳುವಾಗಿ ಹುಳುಕಡ್ಡಿ ಇನ್ನಷ್ಟು ಹರಡುತ್ತೆ. ಚರ್ಮವೈದ್ಯರಿಗೆ ತೋರಿಸಿ, ಚೀಟಿ, ಬಿಲ್ಲು, ದಿನಾಂಕ ಇರುವ ಫೋಟೋ ಎಲ್ಲಾ ಜೋಪಾನ ಮಾಡಿ.

ಪಾಲಿಸಿ_ಪುಟ (ಚಿಕ್ಕಮಗಳೂರು)

ಆ ಬಿಲ್ಲುಗಳು ಯಾಕೆ ಬೇಕು ಅಂತ ನಾನು ಹೇಳ್ತೀನಿ. ವಿಮಾ ನಿಯಂತ್ರಕ ಐಆರ್‌ಡಿಎಐ ಹೊರಗಿಡುವ ವಿಷಯಗಳಿಗೆ ಒಂದೇ ಮಾದರಿಯ ಪದಗಳನ್ನು ಕೊಟ್ಟಿದೆ. ಪಾಲಿಸಿಯಲ್ಲಿ ಎಕ್ಸ್‌ಕ್ಲೂಷನ್ 08 ಹುಡುಕಿ. ರೂಪ ಬದಲಿಸುವ ಕಾಸ್ಮೆಟಿಕ್ ಅಥವಾ ಪ್ಲಾಸ್ಟಿಕ್ ಸರ್ಜರಿಗೆ ದುಡ್ಡಿಲ್ಲ. ಅಪಘಾತ, ಸುಟ್ಟಗಾಯ, ಕ್ಯಾನ್ಸರ್ ನಂತರದ ಪುನರ್ನಿರ್ಮಾಣಕ್ಕೆ, ಮತ್ತು ಆರೋಗ್ಯಕ್ಕೆ ನೇರವಾದ, ತಕ್ಷಣದ ಅಪಾಯ ತಪ್ಪಿಸಲು ವೈದ್ಯಕೀಯವಾಗಿ ಅಗತ್ಯ ಅಂತ ವೈದ್ಯರು ಪ್ರಮಾಣೀಕರಿಸಿದ ಚಿಕಿತ್ಸೆಗೆ ಮಾತ್ರ ವಿನಾಯಿತಿ. ತೂಕ ಇಳಿಸುವ ಆಪರೇಷನ್ ಬರೋದು 06ರಲ್ಲಿ, ಅದು ಬೇರೆ. 06ರ ಷರತ್ತು ದಾಟಿ ದುಡ್ಡು ಬಂತು ಅಂತ 08ರಲ್ಲೂ ಬರುತ್ತೆ ಅಂದುಕೊಂಡವರು ಬಹಳ ಜನ ಬೇಸ್ತು ಬಿದ್ದಿದ್ದಾರೆ.

ತೋಳು, ತೊಡೆ, ಎದೆಗೆ ವಿಮೆಯ ಆಸೆ ಬಿಡಿ. ಹೊಟ್ಟೆಯ ಮಡಿಕೆ ದೊಡ್ಡದಿದ್ದು, ಚಿಕಿತ್ಸೆ ಕೊಟ್ಟರೂ ಹುಣ್ಣು ಮರುಕಳಿಸಿದೆ ಅನ್ನೋದಕ್ಕೆ ತಿಂಗಳುಗಟ್ಟಲೆಯ ದಾಖಲೆ ಇದ್ದರೆ ಪೂರ್ವಾನುಮತಿಗೆ ಬರೆದು ನೋಡಬಹುದು. ಹರ್ನಿಯಾ ಜೊತೆಗಿದ್ದರೆ ಆ ಭಾಗದ ಬಿಲ್ ಪ್ರತ್ಯೇಕ ಮಾಡಿಸಿ. ಬರೀ ರೂಪಕ್ಕಾಗಿ ಮಾಡುವ ಸರ್ಜರಿಗೆ ಆರೋಗ್ಯ ಸೇವೆಯ ಜಿಎಸ್‌ಟಿ ವಿನಾಯಿತಿ ಇಲ್ಲ, ಹೇಳಿದ ದರ ತೆರಿಗೆ ಸೇರಿಯೋ ಸೇರದೆಯೋ ಅಂತ ಕೇಳಿ. ಕೊಟೇಶನ್‌ನಲ್ಲಿ ಅರಿವಳಿಕೆ, ರಕ್ತ, ಗಾರ್ಮೆಂಟ್ (ಆಪರೇಷನ್ ಆದ ಮೇಲೆ ಹಾಕುವ ಬಿಗಿ ಎಲಾಸ್ಟಿಕ್ ಉಡುಪು), ಮತ್ತೆ ಆಪರೇಷನ್ ಕೋಣೆಗೆ ಕರೆದುಕೊಂಡು ಹೋಗಬೇಕಾದರೆ ಯಾರ ಖರ್ಚು ಅನ್ನೋದು ಬರವಣಿಗೆಯಲ್ಲಿ ಇರಲಿ.

ವೈದ್ಯರ ಹೆಸರಿನ ಮುಂದೆ ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂಸಿಎಚ್ ಅಥವಾ ಡಿಎನ್‌ಬಿ ಪದವಿ ಇದೆಯಾ ನೋಡಿ, ಕರ್ನಾಟಕ ಮೆಡಿಕಲ್ ಕೌನ್ಸಿಲ್ ನೋಂದಣಿ ತಾಳೆ ಹಾಕಿ. "ಕಾಸ್ಮೆಟಾಲಜಿ ಸರ್ಟಿಫಿಕೇಟ್" ಅದಕ್ಕೆ ಸಮ ಅಲ್ಲ. ಫೋಟೋ ತೋರಿಸಿದರೆ ಒಂದು ತಿಂಗಳಿನದಲ್ಲ, ಒಂದು ವರ್ಷದ ನಂತರದ್ದು ಕೇಳಿ.

ಶಿರಾಡಿ_ತಿರುವು (ಸಕಲೇಶಪುರ)

ಹೆಚ್ಚಿನವರು ಬೆಂಗಳೂರಿಗೋ ಮಂಗಳೂರಿಗೋ ಹೋಗ್ತಾರೆ. ಹಾಸನದಿಂದ ಬೆಂಗಳೂರು ಹೆಚ್ಚುಕಡಿಮೆ 185 ಕಿಲೋಮೀಟರ್, ಚಿಕ್ಕಮಗಳೂರಿನಿಂದ 245. ಡಿಸ್ಚಾರ್ಜ್ ದಿನವೇ ಕಾರು ಹತ್ತಬೇಡಿ. ಡ್ರೈನ್ (ಗಾಯದೊಳಗೆ ಸೇರುವ ನೀರು, ರಕ್ತವನ್ನು ಹೊರಗಿನ ಬಲ್ಬಿಗೆ ಎಳೆಯುವ ಕೊಳವೆ) ತೆಗೆದು ಮೊದಲ ತಪಾಸಣೆ ಮುಗಿಯುವ ತನಕ, ಒಂದು ವಾರ ಹತ್ತು ದಿನ, ಆಸ್ಪತ್ರೆಯ ಹತ್ತಿರವೇ ರೂಮು ಮಾಡಿ.

ದೊಡ್ಡ ಭಯ ಕಾಲಿನ ರಕ್ತನಾಳದಲ್ಲಿ ಹೆಪ್ಪು. ಹೊಟ್ಟೆ ಬಿಗಿ ಹೊಲಿದಿರುತ್ತೆ, ನಡೆದಾಟ ಕಮ್ಮಿ, ಅದರ ಮೇಲೆ ನಾಲ್ಕೈದು ಗಂಟೆ ಕಾಲು ಮಡಚಿ ಕೂತರೆ ಹೆಪ್ಪಿಗೆ ಆಹ್ವಾನ ಕೊಟ್ಟ ಹಾಗೆ. ಸೀಟು ಹಿಂದಕ್ಕೆ ಒರಗಿಸಿ, ಸೀಟ್ ಬೆಲ್ಟ್ ಕೆಳಗೆ ಮಡಿಸಿದ ಟವೆಲ್ ಇಡಿ, ಪ್ರತಿ ಗಂಟೆಗೆ ಇಳಿದು ಐದು ನಿಮಿಷ ನಡೆಯಿರಿ. ಹೆಪ್ಪು ತಡೆಯುವ ಇಂಜೆಕ್ಷನ್ ಬರೆದುಕೊಟ್ಟಿದ್ದರೆ ಮನೆಗೆ ಬಂದ ಮೇಲೂ ಹೇಳಿದಷ್ಟು ದಿನ ಹಾಕಿಸಿಕೊಳ್ಳಿ. ಒಂದೇ ಮೀನಖಂಡ ಊದಿ ನೋವಾದರೆ ಅದೇ ದಿನ ಆಸ್ಪತ್ರೆ, ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ 108.

ಮಳೆಗಾಲದಲ್ಲಿ ಮಂಗಳೂರು ಕಡೆ ಮಾಡಿಸೋದು ಬೇಡ. ಶಿರಾಡಿ, ಚಾರ್ಮಾಡಿ ಎರಡರಲ್ಲೂ ಗುಡ್ಡ ಕುಸಿದು ರಸ್ತೆ ನಿಲ್ಲುತ್ತೆ. ಗಾಯ ಬಿಚ್ಚಿಕೊಂಡ ದಿನವೇ ಘಾಟಿ ಬಂದ್ ಆಗಿದ್ದರೆ ಏನು ಮಾಡ್ತೀರಿ? ತೋಟ ಇರುವವರಿಗೆ ಅರೇಬಿಕಾ ಕೊಯ್ಲು ನವೆಂಬರ್‌ನಿಂದ, ರೋಬಸ್ಟಾ ಹಿಡಿದರೆ ಮಾರ್ಚ್ ತನಕ. 6 ವಾರ ಐದು ಕೆಜಿಗಿಂತ ಹೆಚ್ಚು ಎತ್ತುವ ಹಾಗಿಲ್ಲ, ತುಂಬಿದ ಬಿಂದಿಗೆಯೂ ಇಲ್ಲ. ಹಾಗಾಗಿ ಕೊಯ್ಲು ಮುಗಿದು ಮಳೆ ಹಿಡಿಯುವ ಮೊದಲಿನ ಮಾರ್ಚ್, ಏಪ್ರಿಲ್ ನಮ್ಮವರಿಗೆ ಸರಿಯಾದ ಕಾಲ. ಸೆಕೆಗೆ ಗಾರ್ಮೆಂಟ್ ಸ್ವಲ್ಪ ಹಿಂಸೆ, ಅಷ್ಟೇ.

ಹೇಮಾವತಿ_ದಂಡೆ

ಡ್ರೈನ್ ಇಟ್ಟುಕೊಂಡೇ ಮನೆಗೆ ಕಳಿಸಿದರೆ ಮನೆಯವರು ಏನು ಮಾಡಬೇಕು?

ಡ್ರೆಸ್ಸಿಂಗ್_ಟ್ರೇ

ಕೈ ಸೋಪಿನಲ್ಲಿ ತೊಳೆಯಿರಿ. ಚರ್ಮದ ಹತ್ತಿರ ಕೊಳವೆಯನ್ನು ಒಂದು ಕೈಯಲ್ಲಿ ಗಟ್ಟಿ ಹಿಡಿದು, ಇನ್ನೊಂದು ಕೈಯ ಬೆರಳಲ್ಲಿ ಬಲ್ಬಿನ ಕಡೆಗೆ ಒತ್ತುತ್ತಾ ಸವರಿ, ಒಳಗಿನ ಗಟ್ಟಿ ಎಳೆ ಜಾರಿ ಬರುತ್ತೆ. ಮುಚ್ಚಳ ತೆಗೆದು ಅಳತೆ ಲೋಟಕ್ಕೆ ಸುರಿದು, ಬಲ್ಬನ್ನು ಚಪ್ಪಟೆ ಹಿಂಡಿ, ಹಿಂಡಿಕೊಂಡೇ ಮುಚ್ಚಳ ಹಾಕಿ. ಹಿಂಡದೆ ಮುಚ್ಚಿದರೆ ಎಳೆತವೇ ಇರಲ್ಲ, ಬಹಳ ಜನ ಮಾಡುವ ತಪ್ಪು. ದಿನಾಂಕ, ಎಷ್ಟು ಎಂಎಲ್, ಬಣ್ಣ ಬರೆದಿಡಿ. ಕೆಂಪು ತಿಳಿಯಾಗಿ, ಆಮೇಲೆ ಹುಲ್ಲಿನ ಹಳದಿಗೆ ಬರಬೇಕು. 24 ಗಂಟೆಗೆ 30 ಎಂಎಲ್‌ಗಿಂತ ಕಡಿಮೆ ಎರಡು ದಿನ ಬಂದರೆ ಸಾಮಾನ್ಯವಾಗಿ ತೆಗೀತಾರೆ. ತಿಳಿಯಾಗಿದ್ದದ್ದು ಮತ್ತೆ ಗಾಢ ಕೆಂಪಾಗಿ ಒಂದು ಕಡೆ ಊದಿಕೊಂಡರೆ ಒಳಗೆ ರಕ್ತ ಸೋರ್ತಿದೆ, ಬೆಳಗಾಗಲಿ ಅಂತ ಕಾಯಬೇಡಿ.

ಡ್ರೈನ್ ತೆಗೆದ ಮೇಲೆ ಹೊಟ್ಟೆಯಲ್ಲಿ ನೀರು ಕುಲುಕಿದ ಹಾಗಾದರೆ ಸೆರೋಮಾ. ಸರ್ಜನ್ ಸೂಜಿಯಲ್ಲಿ ತೆಗೀತಾರೆ, ಎರಡು ಮೂರು ಸಲ ಬೇಕಾಗಬಹುದು. ಮನೆಯಲ್ಲಿ ಒತ್ತಬೇಡಿ. ಮೊದಲ ವಾರ ಸ್ವಲ್ಪ ಬಾಗಿಯೇ ನಡೆಯಬೇಕು, ಮಲಗುವಾಗ ಮೊಣಕಾಲ ಕೆಳಗೆ ದಿಂಬು. ಗೆರೆ ಆರು ತಿಂಗಳು ಕೆಂಪಗೇ ಇರುತ್ತೆ, ತಣಿಯೋಕೆ ಒಂದರಿಂದ ಒಂದೂವರೆ ವರ್ಷ. ನಮ್ಮ ಮೈಬಣ್ಣಕ್ಕೆ ಕಪ್ಪಾಗೋದು, ಉಬ್ಬೋದು ಹೆಚ್ಚು, ಆದ್ದರಿಂದ ಗಾಯ ಪೂರ್ತಿ ಮುಚ್ಚಿದ ಮೇಲೆ ಸಿಲಿಕೋನ್ ಪಟ್ಟಿ ದಿನಕ್ಕೆ 12 ಗಂಟೆಗೆ ಕಡಿಮೆಯಿಲ್ಲದೆ ಎರಡು ಮೂರು ತಿಂಗಳು. ಕಿವಿ ಚುಚ್ಚಿಸಿದ ಕಡೆ ಗಂಟು ಬೆಳೆದವರು ಇದನ್ನು ಮೊದಲ ಭೇಟಿಯಲ್ಲೇ ಹೇಳಿಬಿಡಿ.

ಮೂಡಿಗೆರೆ_ಮಳೆ

ಕೊನೆಗೆ ಒಂದು: ಗಾರ್ಮೆಂಟ್ 6 ವಾರ ಹಾಕಬೇಕು ಅಂತಾರಲ್ಲ, ಒಂದು ಸಾಕಾ?

ಶಿರಾಡಿ_ತಿರುವು

ಎರಡು ತಗೊಳ್ಳಿ. ಒಂದು ಮೈಮೇಲೆ, ಒಂದು ಹಗ್ಗದ ಮೇಲೆ. ಒಣಗಲಿಲ್ಲ ಅಂತ ಬಚ್ಚಲೊಲೆಯ ಮೇಲೆ ಕಟ್ಟಿದರೆ ಎಲಾಸ್ಟಿಕ್ ಸತ್ತುಹೋಗುತ್ತೆ, ಫ್ಯಾನಿನ ಕೆಳಗೇ ಒಣಗಬೇಕು.